ನೆಲಮಾಳಿಗೆಯ ಬಚ್ಚಲಿಗೆ ಪರ್ಮಿಟ್

ನಮ್ಮ ಮನೆಯ ಬೇಸ್‌ಮೆಂಟಿನ ಕಾಂಕ್ರೀಟ್ ನೆಲದಲ್ಲಿ ಎರಡು ಗುಂಡಿಗಳಿವೆ. ಒಂದು ಕಿಟಕಿಯ ಕೆಳಗಿನ ಮೂಲೆಯಲ್ಲಿ. ಅದರ ಮುಚ್ಚಳ ಎತ್ತಿದರೆ ತಿಳಿನೀರು ಕಾಣುತ್ತದೆ, ಮಳೆ ಬಂದ ರಾತ್ರಿ ಒಳಗಿನ ಪಂಪು ಗುಂಯ್ ಎನ್ನುತ್ತದೆ. ಇನ್ನೊಂದು, ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುವ ಫರ್ನೇಸಿನ ಪಕ್ಕದಲ್ಲಿ. ಅದರ ಮುಚ್ಚಳವನ್ನು ಬೋಲ್ಟು ಹಾಕಿ ಬಿಗಿದಿದ್ದರು, ಒಳಗೆ ಪಂಪು ಇರಲಿಲ್ಲ. ಮನೆ ಕೊಂಡು ಆರು ವರ್ಷವಾಗಿದ್ದರೂ ಒಂದು ಯಾವುದಕ್ಕೆ, ಇನ್ನೊಂದು ಯಾವುದಕ್ಕೆ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಅಲ್ಲಿ ಬಚ್ಚಲುಮನೆ ಕಟ್ಟಿಸಲು ಹೊರಟಾಗ.

ನಾವಿರುವುದು ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್ ನಗರದ ಹೊರವಲಯದಲ್ಲಿ. ಚಳಿಗಾಲದಲ್ಲಿ ಇಲ್ಲಿ ಮಣ್ಣು ಹೆಪ್ಪುಗಟ್ಟುತ್ತದೆ. ಮನೆಯ ಪಾಯ ಆ ಹೆಪ್ಪಿಗಿಂತ ಕೆಳಗೆ, ಸುಮಾರು 32 ಇಂಚಿಗಿಂತ ಆಳದಲ್ಲಿ ಇರಬೇಕು. ಹೇಗೂ ಅಗೆಯಬೇಕಲ್ಲ ಎಂದು ಇನ್ನಷ್ಟು ಅಗೆದು ನೆಲಮಾಳಿಗೆಯನ್ನೇ ಮಾಡಿಬಿಡುತ್ತಾರೆ. ಹೆಚ್ಚಿನವರು ಅಲ್ಲಿ ಹಳೆಯ ಪೆಟ್ಟಿಗೆಗಳನ್ನು ಇಡುತ್ತಾರೆ, ನಾವೂ ಹಾಗೆಯೇ ಇಟ್ಟಿದ್ದೆವು. ಆದರೆ ಅಪ್ಪ ಅಮ್ಮ ತೀರ್ಥಹಳ್ಳಿಯಿಂದ ಆರು ತಿಂಗಳ ಮಟ್ಟಿಗೆ ಬರುವವರಿದ್ದರು. ಮಹಡಿಯ ಮೂರು ಕೋಣೆಗಳಲ್ಲಿ ನಾವಿಬ್ಬರು ಮತ್ತು ಮಕ್ಕಳಿದ್ದೇವೆ. ನಡುವಿನ ಅಂತಸ್ತಿನಲ್ಲಿ ಕಮೋಡ್ ಮತ್ತು ಬೇಸಿನ್ ಮಾತ್ರ ಇರುವ ಪುಟ್ಟ ಶೌಚಾಲಯವಿದೆ. ಅಮ್ಮನಿಗೆ ಮೆಟ್ಟಿಲು ಹತ್ತಿ ಇಳಿಯುವುದು ಹಗಲಿನಲ್ಲಿ ಕಷ್ಟವಲ್ಲ. ರಾತ್ರಿ ಮಾತ್ರ ಎರಡು ಮೂರು ಸಲ ಏಳುತ್ತಾರೆ, ಅರೆನಿದ್ದೆಯಲ್ಲಿ ಮೆಟ್ಟಿಲು ಹತ್ತುವುದು ನನಗೆ ಭಯ. ಕೆಳಗೆ ಒಂದು ಕೋಣೆ, ಅದಕ್ಕೆ ತಾಗಿಕೊಂಡೇ ಒಂದು ಬಚ್ಚಲು ಆಗಬೇಕೆಂದು ನಿರ್ಧರಿಸಿದೆವು.

ಮೊದಲು ನೋಡಲು ಬಂದ ಗುತ್ತಿಗೆದಾರರು ಬಹಳ ಸಲೀಸಾಗಿ ಮಾತಾಡಿದರು. ಮೂರು ವಾರದ ಕೆಲಸ, ಪರ್ಮಿಟ್ ಬೇಕಿಲ್ಲ, ಮನೆಯೊಳಗಿನ ಕೆಲಸವನ್ನು ಯಾರು ಬಂದು ನೋಡುತ್ತಾರೆ ಎಂದರು. ಫರ್ನೇಸಿನ ಪಕ್ಕ, ಮನೆ ಕಟ್ಟಿದವರೇ ಮುಂದೆ ಬೇಕಾದೀತೆಂದು ಬಿಟ್ಟುಹೋದ ಮೂರು ಮುಚ್ಚಿದ ಕೊಳವೆಗಳು ನೆಲದಿಂದ ಮೇಲೆ ಬಂದಿದ್ದವು. ಅಲ್ಲಿ ಕೆಲಸ ಮಾಡಿದರೆ ಸ್ವಲ್ಪ ನೆಲ ಒಡೆಯಬೇಕಾಗುತ್ತದೆ, ಹೊಸ ಪಂಪು ಬೇಕಾಗುತ್ತದೆ. ಅದರ ಬದಲು ಬಚ್ಚಲನ್ನು ಕಿಟಕಿಯ ಕಡೆಗೆ ಹಾಕೋಣ, ಸ್ನಾನದ ನೀರು ಮತ್ತು ಬೇಸಿನ್ನಿನ ನೀರನ್ನು ಆ ಮೂಲೆಯ ಗುಂಡಿಗೆ ಬಿಡೋಣ, ಅಲ್ಲಿ ಪಂಪು ಈಗಾಗಲೇ ಇದೆಯಲ್ಲ ಎಂದು ಲೆಕ್ಕ ಹಾಕಿ ಕೊಟ್ಟರು. ಮೊತ್ತ ನಮ್ಮ ಕೈಗೆಟುಕುವಂತೆಯೇ ಇತ್ತು. ನಾನು ಹೆಚ್ಚು ಕಡಿಮೆ ಒಪ್ಪಿಕೊಂಡಿದ್ದೆ.

ಆ ರಾತ್ರಿ ವಿಡಿಯೊ ಕರೆಯಲ್ಲಿ ಅಪ್ಪನಿಗೆ ಮೊಬೈಲ್ ಹಿಡಿದು ಎಲ್ಲ ತೋರಿಸಿದೆ. ಮೂಲೆಯ ಗುಂಡಿಯನ್ನು ನೋಡಿ, "ಈ ನೀರು ಎಲ್ಲಿಂದ ಬರುತ್ತದೆ?" ಎಂದು ಕೇಳಿದರು. ಪಾಯದ ಸುತ್ತ ಸೋರುವ ನೀರು ಕೊಳವೆಯಲ್ಲಿ ಬಂದು ಸೇರುತ್ತದೆ ಎಂದೆ. "ಪಂಪು ಅದನ್ನು ಎಲ್ಲಿಗೆ ಹಾಕುತ್ತದೆ?" ಹಿತ್ತಲಿನ ಮೋರಿಗೆ ಎಂದೆ. ಅಪ್ಪ ಐವತ್ತು ವರ್ಷ ಅಡಿಕೆ ತೋಟ ಮಾಡಿದವರು. "ಅಲ್ಲಮ್ಮ, ಹಾಗಾದರೆ ಅದು ಬಸಿಗಾಲುವೆ. ಬಸಿಗಾಲುವೆಗೆ ಯಾರಾದರೂ ಬಚ್ಚಲ ನೀರು ಬಿಡುತ್ತಾರೆಯೇ?" ಎಂದರು.

ಅಪ್ಪ ಹೇಳಿದ್ದು ಅಕ್ಷರಶಃ ಸರಿ. ಮೂಲೆಯದು ಸಂಪ್, ನೆಲದಡಿಯ ಶುದ್ಧ ನೀರನ್ನು ಹೊರಹಾಕುವುದು. ಅದರ ನೀರು ಯಾವ ಶುದ್ಧೀಕರಣವೂ ಇಲ್ಲದೆ ಮಳೆನೀರಿನ ಮೋರಿಗೆ ಹೋಗಿ, ನಮ್ಮ ಬಡಾವಣೆಯಲ್ಲಾದರೆ ಒಲೆಂಟಾಂಜಿ ನದಿಯನ್ನು ಸೇರುತ್ತದೆ. ಬೋಲ್ಟು ಬಿಗಿದದ್ದು ಮಲಿನ ನೀರಿನ ಗುಂಡಿ. ಮನೆಯ ಮುಖ್ಯ ಒಳಚರಂಡಿ ಕೊಳವೆ ಹೊರಗೆ ಹೋಗುವುದು ಬೇಸ್‌ಮೆಂಟ್ ನೆಲಕ್ಕಿಂತ ಸುಮಾರು ನಾಲ್ಕು ಅಡಿ ಮೇಲೆ. ಕೆಳಗಿನ ಬಚ್ಚಲ ನೀರು ತಾನಾಗಿ ಅಲ್ಲಿಗೆ ಹತ್ತುವುದಿಲ್ಲ. ಅದನ್ನು ಗುಂಡಿಯಲ್ಲಿ ಕೂಡಿಸಿ ಪಂಪಿನಿಂದ ಮೇಲಕ್ಕೆತ್ತಬೇಕು. ಮರುದಿನ ಆ ಗುತ್ತಿಗೆದಾರರಿಗೆ ಬೇಡವೆಂದು ತಿಳಿಸಿದೆ. ಪರ್ಮಿಟ್ ಇಲ್ಲದೆ ಒಂದು ಮೊಳೆಯನ್ನೂ ಹೊಡೆಸುವುದಿಲ್ಲ ಎಂದು ಅಂದೇ ತೀರ್ಮಾನಿಸಿದೆ. ಗೋಡೆ ಮುಚ್ಚಿದ ಮೇಲೆ ಒಳಗೆ ಏನಾಗಿದೆಯೆಂದು ನನಗೆ ಕಾಣುವುದಿಲ್ಲ, ಅಲ್ಲಿ ಮಲಗುವವರು ನನ್ನ ತಂದೆ ತಾಯಿ.

ಹೋಗಬೇಕಾದದ್ದು ಒಂದು ಕಚೇರಿಗಲ್ಲ. ಕಟ್ಟಡ ಮತ್ತು ವಿದ್ಯುತ್ತಿನ ಪರ್ಮಿಟ್ ಕೊಡುವುದು ಕಟ್ಟಡ ವಿಭಾಗ. ಕೊಳಾಯಿ ಕೆಲಸದ ಪರ್ಮಿಟ್ ನಮ್ಮ ಕೌಂಟಿಯಲ್ಲಿ, ಅಂದರೆ ಇಲ್ಲಿನ ಜಿಲ್ಲೆಯಲ್ಲಿ, ಆರೋಗ್ಯ ಇಲಾಖೆಯದು. ಬಚ್ಚಲಿನ ಕೊಳವೆಗೂ ಆರೋಗ್ಯ ಇಲಾಖೆಗೂ ಏನು ಸಂಬಂಧ ಎಂದು ಮೊದಲು ಅನ್ನಿಸಿತು. ಸಂಪಿಗೆ ಸ್ನಾನದ ನೀರು ಬಿಡಲು ಹೊರಟಿದ್ದು ನೆನಪಾದ ಮೇಲೆ, ಈ ವ್ಯವಸ್ಥೆ ಮಾಡಿದವರು ಸರಿಯಾಗಿ ಯೋಚಿಸಿದ್ದಾರೆ ಎನ್ನಿಸಿತು.

ಚೌಕಳಿ ಕಾಗದದ ಮೇಲೆ ಅಳತೆಯ ಪ್ರಕಾರ ನಕ್ಷೆ ಬರೆದುಕೊಂಡು ಕಟ್ಟಡ ವಿಭಾಗದ ಕೌಂಟರಿಗೆ ಹೋದೆ. ಅಲ್ಲಿದ್ದ ಹೆಂಗಸು ಬಚ್ಚಲನ್ನು ನೋಡಲೇ ಇಲ್ಲ. ಪಕ್ಕದ ಕೋಣೆಯ ಮೇಲೆ ಬೆರಳಿಟ್ಟು, "ಇಲ್ಲಿ ಯಾರಾದರೂ ಮಲಗುತ್ತಾರೆಯೇ?" ಎಂದು ಕೇಳಿದರು. ಪರಿಚಯದವರೊಬ್ಬರು ಮೊದಲೇ ಎಚ್ಚರಿಸಿದ್ದರು: ಮಲಗುವ ಕೋಣೆ ಎನ್ನಬೇಡ, ಓದುವ ಕೋಣೆ ಎಂದು ಬರೆ, ದೊಡ್ಡ ಖರ್ಚು ಉಳಿಯುತ್ತದೆ. ನಾನು, "ನನ್ನ ತಂದೆ ತಾಯಿ ಮಲಗುತ್ತಾರೆ" ಎಂದೆ.

ಆ ಒಂದು ಉತ್ತರದಿಂದ ಕೆಲಸದ ರೂಪವೇ ಬದಲಾಯಿತು. ಮಲಗುವ ಕೋಣೆಯೆಂದ ಮೇಲೆ ಬೆಂಕಿ ಬಿದ್ದಾಗ ಮೆಟ್ಟಿಲನ್ನು ನಂಬದೆ ನೇರವಾಗಿ ಹೊರಗೆ ಹೋಗುವ ದಾರಿ ಇರಬೇಕು. ನಮ್ಮಲ್ಲಿದ್ದದ್ದು ಚಾವಣಿಗೆ ಅಂಟಿದಂತಿರುವ, ಬೆಳಕಿಗೆಂದು ಮಾಡಿದ ಗೇಣುದ್ದದ ಕಿಟಕಿ. ಕಟ್ಟಡ ನಿಯಮಗಳ ಸಂಹಿತೆ ಕೇಳುವ ಕಿಟಕಿ ಬೇರೆಯದೇ: ತೆರೆದಾಗ ಸಿಗುವ ಜಾಗ ನೆಲಮಾಳಿಗೆಯಲ್ಲಿ ಕನಿಷ್ಠ 5 ಚದರ ಅಡಿ, ಅಗಲ ಕನಿಷ್ಠ 20 ಇಂಚು, ಎತ್ತರ ಕನಿಷ್ಠ 24 ಇಂಚು, ಕಿಟಕಿಯ ಕೆಳ ಅಂಚು ನೆಲದಿಂದ 44 ಇಂಚಿಗಿಂತ ಮೇಲಿರಬಾರದು. ಇಲ್ಲಿ ನಾನು ಎಡವಲಿದ್ದೆ. 20ಕ್ಕೆ 24ರ ಕಿಟಕಿಯೊಂದನ್ನು ಅಂಗಡಿಯಲ್ಲಿ ನೋಡಿಟ್ಟಿದ್ದೆ. ಗುಣಿಸಿ ನೋಡಿದರೆ ಅದು 3.3 ಚದರ ಅಡಿ ಮಾತ್ರ. ಎರಡು ಕನಿಷ್ಠಗಳನ್ನು ಜೋಡಿಸಿದರೆ ಮೂರನೆಯ ಕನಿಷ್ಠ ಸಿಗುವುದಿಲ್ಲ. ಬೆನ್ನಿಗೆ ಉಸಿರಾಟದ ಗಾಳಿಯ ಸಿಲಿಂಡರ್ ಕಟ್ಟಿಕೊಂಡ ಅಗ್ನಿಶಾಮಕ ಸಿಬ್ಬಂದಿ ಹೊರಗಿನಿಂದ ಒಳಗೆ ಬರಲು ಆಗಬೇಕು, ಅಳತೆ ಅಷ್ಟು ಇರುವುದು ಅದಕ್ಕೇ ಎಂದು ಆ ಹೆಂಗಸು ವಿವರಿಸಿದರು. ಅಮ್ಮನನ್ನು ಹೊರಗೆಳೆಯಲು ಯಾರಾದರೂ ಆ ಕಿಟಕಿಯಿಂದ ಇಳಿಯುವುದು ಕಣ್ಣಿಗೆ ಕಟ್ಟಿ, ಖರ್ಚಿನ ಮಾತು ಅಲ್ಲಿಗೇ ಬಿಟ್ಟೆ.

ಕಿಟಕಿಗಾಗಿ ಪಾಯದ ಕಾಂಕ್ರೀಟ್ ಗೋಡೆಯನ್ನೇ ಕೊಯ್ಯಬೇಕಾಯಿತು, ಮೇಲಿನ ಭಾರಕ್ಕೆ ಲಿಂಟಲ್ ಕೊಡಬೇಕಾಯಿತು. ಹೊರಗೆ ಅಗೆಯುವ ಮೊದಲು 811ಕ್ಕೆ ಕರೆ ಮಾಡಿದರೆ ಗ್ಯಾಸು, ಕರೆಂಟಿನ ತಂತಿ ಎಲ್ಲಿ ಹೋಗಿವೆಯೆಂದು ಹುಲ್ಲಿನ ಮೇಲೆ ಬಣ್ಣದ ಗೆರೆ ಎಳೆದು ಹೋಗುತ್ತಾರೆ. ಕಿಟಕಿಯ ಮುಂದಿನ ಬಾವಿಯಂಥ ತಗ್ಗು 9 ಚದರ ಅಡಿಗಿಂತ ಕಡಿಮೆ ಇರಬಾರದು, ಗೋಡೆಯಿಂದ 36 ಇಂಚು ಮುಂದಕ್ಕೆ ಇರಬೇಕು. ನಮ್ಮದು 44 ಇಂಚಿಗಿಂತ ಆಳವಿದ್ದುದರಿಂದ ಕಬ್ಬಿಣದ ಏಣಿಯೂ ಬಂತು. ಒಟ್ಟು ಕೆಲಸದಲ್ಲಿ ಅತಿ ದೊಡ್ಡ ಖರ್ಚು ಇದೇ.

ಇನ್ನು ಬಚ್ಚಲಿಗೆ ಬರುತ್ತೇನೆ. ಪರವಾನಗಿ ಇರುವ ಒಬ್ಬ ಪ್ಲಂಬರ್ ಸಿಕ್ಕರು, ಅರವತ್ತರ ಆಸುಪಾಸಿನವರು, ಮಾತು ಕಡಿಮೆ. ಬಿಲ್ಡರ್ ಬಿಟ್ಟಿದ್ದ ಮೂರು ಇಂಚಿನ ಕೊಳವೆ ಕಮೋಡಿಗೆ, ಎರಡು ಇಂಚಿನವು ಬೇಸಿನ್ನಿಗೆ ಮತ್ತು ಸ್ನಾನಕ್ಕೆ. ಸ್ನಾನದ ಜಾಗವನ್ನು ಸ್ವಲ್ಪ ಸರಿಸಬೇಕಾದ್ದರಿಂದ ನಾಲ್ಕು ಅಡಿ ಉದ್ದ ಕಾಂಕ್ರೀಟ್ ಕತ್ತರಿಸಿದರು. ಎರಡು ಇಂಚಿನ ಕೊಳವೆಗೆ ಅಡಿಗೆ ಕಾಲು ಇಂಚು ವಾಟ ಇರಬೇಕು. ಮೂರು ಇಂಚಿನದಕ್ಕೆ ಅಡಿಗೆ ಅರೆಕಾಲು ಇಂಚು ಸಾಕು. ರಸಮಟ್ಟ ಇಟ್ಟು, ಕೊಳವೆಯ ಅಡಿಗೆ ಮರಳನ್ನು ಚಿಟಿಕೆ ಚಿಟಿಕೆಯಾಗಿ ಸೇರಿಸುತ್ತಾ ಅವರು ವಾಟ ಹಿಡಿಯುತ್ತಿದ್ದುದನ್ನು ನೋಡಿ, ಊರಿನಲ್ಲಿ ಅಂಗಳದ ನೀರಿಗೆ ದಾರಿ ಮಾಡುವಾಗ ಅಪ್ಪ ಗುದ್ದಲಿಯ ತುದಿಯಿಂದ ಮಣ್ಣು ಸವರುತ್ತಿದ್ದ ರೀತಿ ನೆನಪಾಯಿತು.

ಮಲಿನ ನೀರಿನ ಗುಂಡಿಯ ಬಗ್ಗೆ ಸ್ವಲ್ಪ ಹೆಚ್ಚು ಬರೆಯಬೇಕು, ಏಕೆಂದರೆ ಇಂಥ ಬಚ್ಚಲಿನ ಜೀವ ಅದರಲ್ಲಿದೆ. ಗುಂಡಿ ಕನಿಷ್ಠ 18 ಇಂಚು ಅಗಲ, 24 ಇಂಚು ಆಳ ಇರಬೇಕು. ಕಮೋಡಿನ ನೀರು ಬರುವುದರಿಂದ ಎರಡು ಇಂಚಿನ ಗಟ್ಟಿ ವಸ್ತುವನ್ನೂ ಸಾಗಿಸಬಲ್ಲ ಪಂಪು ಬೇಕು, ಮೇಲಕ್ಕೆ ಹೋಗುವ ಕೊಳವೆಯೂ ಎರಡು ಇಂಚಿಗಿಂತ ಸಣ್ಣದಿರಬಾರದು. ಎತ್ತಿದ ನೀರು ಹಿಂದಕ್ಕೆ ಬೀಳದಂತೆ ಚೆಕ್ ವಾಲ್ವ್, ರಿಪೇರಿಗೆ ನಿಲ್ಲಿಸಲು ಗೇಟ್ ವಾಲ್ವ್. ಮುಚ್ಚಳ ಗಾಳಿಯಾಡದಂತೆ ಬಿಗಿದಿರಬೇಕು. ಇಷ್ಟಾದರೂ ಸಾಲದು, ಗಾಳಿ ಓಡಾಡಲು ವೆಂಟ್ ಎಂಬ ಕೊಳವೆ ಬೇಕು. ಗೋಡೆಯೊಳಗೆ ಕೂರಿಸುವ, ಗಾಳಿಯನ್ನು ಒಳಗೆ ಮಾತ್ರ ಎಳೆದುಕೊಳ್ಳುವ ಸಣ್ಣ ಕವಾಟವೊಂದು ಅಂಗಡಿಯಲ್ಲಿ ಸಿಗುತ್ತದೆ, ಅದನ್ನೇ ಹಾಕಬಹುದೇ ಎಂದು ಪ್ಲಂಬರನ್ನು ಕೇಳಿದೆ. ಅವರು ಒಂದು ಖಾಲಿ ನೀರಿನ ಬಾಟಲಿಯನ್ನು ತಂದು, ಅದರ ಬಾಯಿಯನ್ನು ಅಂಗೈಯಿಂದ ಮುಚ್ಚಿ, "ಇದರೊಳಗೆ ನೀರು ತುಂಬಿ ನೋಡಿ" ಎಂದರು. ಗುಂಡಿಗೆ ನೀರು ಬಂದಾಗ ಒಳಗಿದ್ದ ಗಾಳಿ ಹೊರಗೆ ಹೋಗಲೇಬೇಕು. ಆ ಕವಾಟ ಹೊರಗೆ ಬಿಡುವುದಿಲ್ಲ. ಹಾಗಾದರೆ ಗಾಳಿ ಟ್ರ್ಯಾಪಿನಲ್ಲಿ, ಅಂದರೆ ಕೊಳವೆಯ ಬಾಗಿದ ಭಾಗದಲ್ಲಿ, ನಿಂತ ನೀರನ್ನು ತಳ್ಳಿಕೊಂಡು, ಚರಂಡಿಯ ಅನಿಲದ ಸಮೇತ ಮಲಗುವ ಕೋಣೆಯ ಪಕ್ಕದ ಬಚ್ಚಲಿಗೇ ಬರುತ್ತದೆ. ನಮ್ಮ ಗುಂಡಿಯ ವೆಂಟನ್ನು ಫರ್ನೇಸಿನ ಹಿಂದಿನಿಂದ ಹತ್ತಿಸಿ, ಮಾಡಿನಿಂದ ಹೊರಗೆ ಹೋಗುವ ಹಳೆಯ ವೆಂಟಿಗೆ ಜೋಡಿಸಿದರು.

ಮೊದಲ ತಪಾಸಣೆ ಆರೋಗ್ಯ ಇಲಾಖೆಯದು. ತೋಡಿದ ನೆಲ ತೆರೆದೇ ಇರಬೇಕು, ಕೊಳವೆಗಳಲ್ಲಿ ನೀರು ತುಂಬಿ ಹದಿನೈದು ನಿಮಿಷ ನಿಲ್ಲಿಸಬೇಕು. ಬಂದ ಇನ್‌ಸ್ಪೆಕ್ಟರ್ ಮಂಡಿಯೂರಿ ಒಂದೊಂದು ಜೋಡಣೆಯ ಕೆಳಗೂ ಬೆರಳು ಸವರಿ, ಬೆರಳನ್ನು ಪ್ಯಾಂಟಿಗೆ ಒತ್ತಿ ಒದ್ದೆಯಾಗಿದೆಯೇ ಎಂದು ನೋಡುತ್ತಿದ್ದರು. ಒದ್ದೆ ಇರಲಿಲ್ಲ. ಅವರು ಹೋದ ಮೇಲೆ ಗೋಡೆಯಿಂದ ಟೇಪು ಹಿಡಿದು, ಅಂಕಿಗಳು ಕಾಣುವಂತೆ ಕೊಳವೆಗಳ ಫೋಟೊ ತೆಗೆದುಕೊಂಡೆ. ಕಾಂಕ್ರೀಟಿನಡಿಯ ಪ್ಲಾಸ್ಟಿಕ್ ಹಾಳೆಯನ್ನು ಮತ್ತೆ ಜೋಡಿಸಿ ಅಂಟುಪಟ್ಟಿ ಹಚ್ಚಿದ ನಂತರವೇ ನೆಲ ಮುಚ್ಚಿಸಿದೆ. ಇದು ರೇಡಾನಿಗಾಗಿ. ಮಣ್ಣಿನಿಂದ ಏಳುವ ಈ ವಿಕಿರಣ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನದ ನಂತರದ ಕಾರಣ ಅದೇ, ಮಧ್ಯ ಓಹಾಯೋ ಅದು ಹೆಚ್ಚಿರುವ ಪ್ರದೇಶ. ಪರ್ಮಿಟಿನವರು ಇದನ್ನು ಕೇಳಲಿಲ್ಲ. ಕೆಲಸವೆಲ್ಲ ಮುಗಿದ ಮೇಲೆ ನಾನೇ ಪರೀಕ್ಷೆ ಮಾಡಿಸಿದೆ, ಕ್ರಮ ಕೈಗೊಳ್ಳಬೇಕೆಂದು ಪರಿಸರ ಸಂರಕ್ಷಣಾ ಸಂಸ್ಥೆ ಹೇಳುವ ಲೀಟರ್ ಗಾಳಿಗೆ 4 ಪಿಕೊಕ್ಯೂರಿಗಿಂತ (ಇದು ವಿಕಿರಣದ ಅಳತೆ) ಕಡಿಮೆಯೇ ಬಂತು.

ಎರಡನೆಯ ತಪಾಸಣೆಯಲ್ಲಿ ನಾವು ಫೇಲಾದೆವು. ಗೋಡೆಗಳ ಮರದ ಚೌಕಟ್ಟು ಎದ್ದಿತ್ತು, ಹಲಗೆ ಹೊಡೆದಿರಲಿಲ್ಲ. ಕಟ್ಟಡ ವಿಭಾಗದ ಇನ್‌ಸ್ಪೆಕ್ಟರ್ ಮೊದಲು ಎತ್ತರ ನೋಡಿದರು. ಬಚ್ಚಲಿಗೆ ಆರು ಅಡಿ ಎಂಟು ಇಂಚು ಬೇಕು, ನಮ್ಮಲ್ಲಿ ಅದಕ್ಕಿಂತ ಹೆಚ್ಚಿತ್ತು. ಆಮೇಲೆ ಕಮೋಡಿನ ಕೊಳವೆಯ ಮುಂದೆ ಕುಳಿತು, ಅದರ ನಡುಮಧ್ಯದಿಂದ ಪಕ್ಕದ ಗೋಡೆಯ ಮರದವರೆಗೆ ಟೇಪು ಎಳೆದರು. ಹದಿನೈದು ಇಂಚು. ಸಂಹಿತೆ ಕೇಳುವುದೂ ಹದಿನೈದೇ. ಬಡಗಿಯೇ ಅಷ್ಟು ಕರಾರುವಾಕ್ಕಾಗಿ ಮಾಡಿದ್ದರು. ಇನ್‌ಸ್ಪೆಕ್ಟರ್ ಜೇಬಿನಿಂದ ಪೆನ್ಸಿಲ್ ತೆಗೆದು ಮರದ ಮೇಲೆ ಬರೆದರು: ಅರ್ಧ ಇಂಚು ಹಲಗೆ, ಟೈಲ್ ಮತ್ತು ಅದರ ಗಾರೆ ಸೇರಿ ಇನ್ನೊಂದು ಅರ್ಧ ಇಂಚು. ಕಳೆದು, ಕೆಳಗೆ 14 ಎಂದು ಬರೆದು ಸುತ್ತ ಒಂದು ವೃತ್ತ ಎಳೆದರು. ಅಳತೆ ಮರದವರೆಗಲ್ಲ, ಮುಗಿದ ಗೋಡೆಯವರೆಗೆ. ಆ ಒಂದು ಇಂಚಿನಿಂದ ಏನಾಗುತ್ತದೆ ಎಂದು ನಾನು ಕೇಳಲಿಲ್ಲ. ಮಂಡಿ ನೋವಿನ ಅಮ್ಮ ಗೋಡೆಗೆ ಮೊಣಕೈ ತಾಗದೆ ಕುಳಿತು ಏಳಬೇಕೆಂಬುದು ಸಂಹಿತೆಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. ಅದು ಭಾರ ಹೊರದ ಗೋಡೆಯಾದ್ದರಿಂದ ಬಡಗಿ ಅರ್ಧ ದಿನದಲ್ಲಿ ಎರಡು ಇಂಚು ಸರಿಸಿದರು. ಟೈಲ್ ಹಾಕಿದ ಮೇಲೆ ಗೊತ್ತಾಗಿದ್ದರೆ ಗೋಡೆಯನ್ನಾಗಲಿ ನೆಲವನ್ನಾಗಲಿ ಒಡೆಯಬೇಕಿತ್ತು. ಆ 14ರ ವೃತ್ತ ಈಗಲೂ ಹಲಗೆಯ ಹಿಂದೆ ಇದೆ.

ಇನ್ನೊಂದು ತಪ್ಪು ಫ್ಯಾನಿನದು. ಬಚ್ಚಲಿಗೆ ತೆರೆಯುವ ಕಿಟಕಿ ಇಲ್ಲದಿದ್ದರೆ ನಿಮಿಷಕ್ಕೆ 50 ಘನ ಅಡಿ ಗಾಳಿ ಎಳೆಯುವ ಫ್ಯಾನ್ ಬೇಕು. ಫ್ಯಾನ್ ಇತ್ತು. ಆದರೆ ಅದರ ಕೊಳವೆಯನ್ನು ಚಾವಣಿಯ ಎರಡು ತೊಲೆಗಳ ನಡುವೆ ತಂದು ಅಲ್ಲಿಗೇ ಬಿಟ್ಟಿದ್ದರು, ಹೊರಗೆ ತೂತು ಕೊರೆಯುವ ಕೆಲಸ ಮುಂದಿನ ವಾರಕ್ಕೆ ಎಂದುಕೊಂಡು. ಇನ್‌ಸ್ಪೆಕ್ಟರ್ ಅದನ್ನು ಒಪ್ಪಲಿಲ್ಲ. ಮುಂದಿನ ವಾರಕ್ಕೆ ಎಂದು ಬಿಟ್ಟ ಎಷ್ಟೋ ಕೊಳವೆಗಳನ್ನು ಹಲಗೆಯ ಹಿಂದೆ ಕೊಳೆತ ಮರದ ಜೊತೆಗೆ ನೋಡಿದ್ದೇನೆ ಎಂದರು. ಒಂದು ವಾರದ ನಂತರ ಮತ್ತೆ ಬಂದರು, ಹೊರಗೋಡೆಯ ಜಾಲರಿಯ ಮುಂದೆ ಅಂಗೈ ಹಿಡಿದು ಗಾಳಿ ಬರುತ್ತಿದೆಯೇ ನೋಡಿ ಸಹಿ ಹಾಕಿದರು.

ವಿದ್ಯುತ್ತಿನದು ತಕರಾರಿಲ್ಲದೆ ಆಯಿತು: ಬಚ್ಚಲಿನ ಸಾಕೆಟ್ಟಿಗೆ 20 ಆಂಪಿಯರಿನ ಪ್ರತ್ಯೇಕ ಲೈನು, ಬೇಸಿನ್ನಿನಿಂದ ಮೂರು ಅಡಿಯೊಳಗೆ ಸಾಕೆಟ್ಟು, ಸೋರಿಕೆಯಾದರೆ ತಕ್ಷಣ ಕರೆಂಟು ಕಡಿಯುವ ರಕ್ಷಣೆ. ಹೊಗೆಯ ಅಲಾರಾಂಗಳನ್ನು ಒಂದಕ್ಕೊಂದು ಜೋಡಿಸಬೇಕೆಂದರು, ಕೆಳಗೆ ಹೊಗೆಯಾದರೆ ಮಹಡಿಯಲ್ಲಿ ಮಲಗಿರುವ ನಮಗೂ ಕೂಗು ಕೇಳಬೇಕು.

ಸ್ನಾನದ ತಳದ ಪರೀಕ್ಷೆ ನನಗೆ ಬಹಳ ಹಿಡಿಸಿತು. ಟೈಲ್ ಹಾಕುವ ಮೊದಲು ನೀರು ಇಂಗದ ಪದರವನ್ನು ಹಾಸಿ, ನೀರು ಹೋಗುವ ಬಾಯಿಗೆ ರಬ್ಬರ್ ಬಿರಡೆ ಹಾಕಿ, ಎರಡು ಇಂಚು ನೀರು ನಿಲ್ಲಿಸಬೇಕು. ನಿಯಮಕ್ಕೆ ಹದಿನೈದು ನಿಮಿಷ ಸಾಕು. ನಾನು ಹಿಂದಿನ ಸಂಜೆಯೇ ನೀರು ತುಂಬಿಸಿ, ಮಟ್ಟಕ್ಕೆ ಸರಿಯಾಗಿ ಪೆನ್ಸಿಲ್ ಗೆರೆ ಎಳೆದು, ರಾತ್ರಿ ಎರಡು ಸಲ ಇಳಿದು ಟಾರ್ಚು ಹಾಕಿ ನೋಡಿದೆ. ಬೆಳಿಗ್ಗೆ ನೀರು ಗೆರೆಯ ಮೇಲೇ ಇತ್ತು.

ಕೊನೆಯ ತಪಾಸಣೆಯ ದಿನ ಕಮೋಡಿನ ನೀರು ಬಿಟ್ಟು, ಬೇಸಿನ್ ತುಂಬಿಸಿ, ಗುಂಡಿಯ ಪಂಪು ತಾನಾಗಿ ಓಡಿ ನಿಲ್ಲುವವರೆಗೆ ಇನ್‌ಸ್ಪೆಕ್ಟರ್ ಕಾದರು. ಷವರಿನ ಬಿಸಿನೀರಿಗೆ ಥರ್ಮಾಮೀಟರ್ ಹಿಡಿದರು. 120 ಡಿಗ್ರಿ ಫ್ಯಾರನ್‌ಹೀಟ್ ಮೀರಬಾರದು, ಅಂದರೆ 49 ಡಿಗ್ರಿ ಸೆಲ್ಸಿಯಸ್. ಹಂಡೆಯ ನೀರಿಗೆ ಕೈಯದ್ದಿ ಹದ ನೋಡಿದವರು ಅಪ್ಪ, ನಲ್ಲಿ ತಿರುಗಿಸಿ ನೇರ ಕೆಳಗೆ ನಿಲ್ಲುವ ಅಭ್ಯಾಸ ಅವರಿಗಿಲ್ಲ. ಈ ಮಿತಿ ಇರುವುದು ಗೊತ್ತಾಗಿ ನನಗೆ ನೆಮ್ಮದಿಯಾಯಿತು. ಮೊದಲ ಅರ್ಜಿಯಿಂದ ಅಂತಿಮ ಸಹಿಯವರೆಗೆ ನಾಲ್ಕೂವರೆ ತಿಂಗಳು ಹಿಡಿಯಿತು. ಖರ್ಚು ಮೊದಲ ಗುತ್ತಿಗೆದಾರರು ಹೇಳಿದ್ದರ ಎರಡರಷ್ಟಕ್ಕೆ ಹತ್ತಿರ ಬಂತು. ಅದರಲ್ಲಿ ಪರ್ಮಿಟುಗಳ ಶುಲ್ಕ ಕೆಲವು ನೂರು ಡಾಲರ್ ಮಾತ್ರ.

ಹೋಗುವ ಮುನ್ನ ಇನ್‌ಸ್ಪೆಕ್ಟರ್, "ಕರೆಂಟು ಹೋದಾಗ ಏನು ಮಾಡುತ್ತೀರಿ?" ಎಂದು ಕೇಳಿದರು. ಕರೆಂಟಿಲ್ಲದಿದ್ದರೆ ಪಂಪು ಓಡುವುದಿಲ್ಲ, ಗುಂಡಿಯಲ್ಲಿರುವಷ್ಟೇ ಜಾಗ. ಇಲ್ಲಿ ಬೇಸಿಗೆಯ ಗುಡುಗುಮಳೆಗೆ ಕರೆಂಟು ಹೋಗುವುದುಂಟು. ಅಪ್ಪ ಅಮ್ಮ ಬರುವ ಹೊತ್ತಿಗೆ, ಕರೆಂಟು ಹೋದರೆ ಮೇಲಿನ ಶೌಚಾಲಯಕ್ಕೆ ಬನ್ನಿ ಎಂದು ಕನ್ನಡದಲ್ಲಿ ಮುದ್ರಿಸಿ ಬಚ್ಚಲಿನ ಬಾಗಿಲ ಒಳಗೆ ಅಂಟಿಸಿದ್ದೆ. ಎರಡನೆಯ ದಿನ ಇಳಿದು ನೋಡಿದರೆ ಅದರ ಕೆಳಗೆ ಅಮ್ಮನ ದುಂಡು ಅಕ್ಷರದಲ್ಲಿ ಇನ್ನೊಂದು ಚೀಟಿ ಇತ್ತು: "ಟಾರ್ಚು ದಿಂಬಿನ ಪಕ್ಕದಲ್ಲಿದೆ. ಮೆಟ್ಟಿಲು ಹದಿಮೂರು."